ಮೊದಲ ಹಕ್ಕು

ಜೂನ್ 3

ಪ್ರೀತಿಯ ಅಕ್ಕನಿಗೆ,

ವಿಧಾನಸಭೆಯ ಫಲಿತಾಂಶ ಬಂದ ದಿನವೇ ಫೋನ್ ಮಾಡಬೇಕಿತ್ತು. ಮಾಡಿದ್ದರೆ ನೀನು "ಇರಲಿ ಬಿಡೋ" ಅನ್ನುತ್ತಿದ್ದೆ, ನಾನು "ಹೂಂ" ಅನ್ನುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ನಮ್ಮಿಬ್ಬರಿಗೂ ಕಾಗದವೇ ವಾಸಿ.

ಆರುನೂರ ಹನ್ನೊಂದು ಮತ. ನಾಲ್ಕನೇ ಸಲ ನಿಂತವಳಿಗೆ, ಹೆರಿಗೆ ವಾರ್ಡಿನಲ್ಲಿ ಮೂವತ್ತೈದು ವರ್ಷ ಇದ್ದು ಅರ್ಧ ಊರನ್ನು ಕೈಯಲ್ಲಿ ಎತ್ತಿಕೊಂಡವಳಿಗೆ, ಆರುನೂರ ಹನ್ನೊಂದು. ಪಕ್ಷದ ಪತ್ರಿಕೆಗೆ ಪಟ್ಟಿ ಜೋಡಿಸುವಾಗ ನಿನ್ನ ಸಾಲಿನ ಅಂಕಿ ತಪ್ಪಿರಬೇಕೆಂದು ಎರಡು ಸಲ ಮೂಲ ಪ್ರತಿ ನೋಡಿದೆ. ಕರಡು ತಿದ್ದುವವನ ಚಟ. ಆಗಿದ್ದ ತಪ್ಪೆಲ್ಲ ಅಚ್ಚಿನದೇ ಆಗಿರಲಿ ಎಂಬ ಆಸೆ.

ಇಲ್ಲಿ ಕೇಂದ್ರ ಕಚೇರಿಯಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿಲ್ಲ. ಉಳಿದ ಭಿತ್ತಿಪತ್ರಗಳನ್ನು ಕಟ್ಟುಕಟ್ಟಾಗಿ ಮೆಟ್ಟಿಲ ಕೆಳಗೆ ಒಟ್ಟಿದ್ದಾರೆ. ಕಾರ್ಯದರ್ಶಿ ಬಂದು ಹೋಗುವಾಗೆಲ್ಲ ಅವುಗಳನ್ನು ದಾಟಿಕೊಂಡೇ ಹೋಗಬೇಕು. ಏಕೆ ಸೋತೆವು, ಏನು ಬದಲಾಗಬೇಕು ಎಂದು ನೋಡಲು ಒಂದು ಸಮಿತಿ ಮಾಡಿದ್ದಾರೆ. ನಾನು ಅದರಲ್ಲಿ ಟಿಪ್ಪಣಿ ಬರೆದುಕೊಳ್ಳುವವನು, ಅಷ್ಟೇ.

ನಿನ್ನ ಊರಿನ ಜನ ಏನಂದರು ಅಂತ ಬರೆ. ನನ್ನ ಮನಸ್ಸಿಗೆ ನೋವಾದೀತು ಅಂತ ಸೋಸಬೇಡ.

ನಿನ್ನ ತಮ್ಮ

ಜೂನ್ 19

ಅಲ್ಪವಿರಾಮಪ್ಪನವರಿಗೆ,

ನಿನ್ನ ಕಚೇರಿಯವರು ನಿನಗಿಟ್ಟ ಹೆಸರು ನನಗೂ ಹಿಡಿಸಿದೆ, ಅದಕ್ಕೇ ಹಾಗೆ ಕರೆದೆ.

ನೀನು ಕೇಳಿದೆಯೆಂದು ಹತ್ತು ದಿನ ಮನೆಮನೆ ಅಲೆದೆ. ಮತ ಕೇಳಲು ಹೋದಾಗ ಒಳಗೆ ಕರೆದು ಕೂರಿಸಿದವರೇ ಈಗ ಬಾಗಿಲಲ್ಲಿ ನಿಲ್ಲಿಸಿ ಮಾತಾಡಿದರು. ಸೈಕಲ್ ಶಾಪಿನವನು ಮಾತ್ರ ನಗುತ್ತಾ ಹೇಳಿದ: "ಸೂಜಿಗೆ ನೀವು ನರ್ಸಮ್ಮ, ಓಟಿಗೆ ಬೇರೆಯವರು. ಬೇಜಾರು ಮಾಡ್ಕೋಬೇಡಿ." ನಮ್ಮ ಫಿಟ್ಟರನ ಹೆಂಡತಿ ಅರ್ಧ ಬಾಗಿಲು ಹಿಡಿದುಕೊಂಡೇ ಇದ್ದಳು. "ನಿಮ್ಮನ್ನ ಕಂಡ್ರೆ ಕೈ ಮುಗೀಬೇಕು ಅನ್ಸುತ್ತೆ. ಆದ್ರೆ ನಿಮ್ಮ ಪಕ್ಷ ನಮ್ಮದಲ್ಲಮ್ಮ, ಗೋಡೌನಿನವರದ್ದು" ಅಂದಳು. ಅವಳ ಗಂಡ ನಮ್ಮ ಶಾಖೆಯ ಸದಸ್ಯ, ನೆನಪಿಟ್ಟುಕೋ.

ಗೋಡೌನು ನಿನಗೆ ಗೊತ್ತು. ಗಿರಣಿಯ ಹಿಂದೆ ಪುರಸಭೆಯ ಹಳೇ ಉಗ್ರಾಣ. ಗಿರಣಿಯ ಹೊಸ ಮಾಲೀಕರು ಮೂರ್ನಾಲ್ಕು ವರ್ಷದ ಹಿಂದೆ ದೂರದಿಂದ ಲಾರಿಯಲ್ಲಿ ಕರೆತಂದ ಮೂವತ್ತೆಂಟು ಸಂಸಾರ ಅಲ್ಲಿ ಗೋಣಿತಟ್ಟಿನ ಪರದೆ ಕಟ್ಟಿಕೊಂಡು ಇವೆ. ಅವರು ಹನ್ನೆರಡು ಗಂಟೆ ದುಡಿಯುತ್ತಾರೆ, ಎದುರು ಮಾತಾಡುವುದಿಲ್ಲ. ಕಳೆದ ವರ್ಷ ಊರಿನವರ ಮೂರನೇ ಪಾಳಿ ಹೋಯಿತು. ಜನ ಹೇಳುವುದು ಪೂರ್ತಿ ಸುಳ್ಳಲ್ಲ ಕಣೋ. ಕೆಲಸ ಹೋದವನಿಗೆ ಮಾಲೀಕ ಕಣ್ಣಿಗೆ ಬೀಳುವುದಿಲ್ಲ. ಕಾಣುವುದು ಗೋಡೌನಿನ ನಲ್ಲಿಯ ಮುಂದೆ ನಿಂತವರು.

ಪಕ್ಷದ ಕಾರ್ಯಕ್ರಮದ ಮೂರನೇ ಕಲಮನ್ನು, 'ಯಾರು ಎಲ್ಲಿ ದುಡಿಯುತ್ತಾರೋ ಆ ಊರು ಅವರದು' ಅನ್ನುವುದನ್ನು, ನಿನ್ನ ಭಾವ ಬರೆದಿಟ್ಟು ಹೋಗಿ ಎಷ್ಟು ವರ್ಷವಾಯಿತು! ಇಷ್ಟು ಜನ ಅದನ್ನು ಬಾಯಿಪಾಠ ಒಪ್ಪಿಸಿದ್ದನ್ನು ಈ ಸಲವೇ ಕೇಳಿದ್ದು. ಹಂಗಿಸುವುದಕ್ಕೆ.

ಮತ ಎಣಿಕೆಯ ದಿನ ಗೋಡೌನಿನ ಹೊಲಿಗೆಯಾಕೆ, ನಮ್ಮ ಬಾವುಟಗಳನ್ನು ಹೊಲಿದುಕೊಡುವವಳು, ಮಗಳನ್ನು ಎತ್ತಿಕೊಂಡು ಬಂದು ನನ್ನ ಪಕ್ಕ ಸಂಜೆಯವರೆಗೆ ಕೂತಳು. ಹೋಗುವಾಗ ನನ್ನ ಸೆರಗಿನಲ್ಲಿ ಬಿಚ್ಚಿಹೋಗಿದ್ದ ಅಂಚನ್ನು ನಿಂತಲ್ಲೇ ಹೊಲಿದು ಹೋದಳು.

ಇನ್ನೇನೂ ವಿಶೇಷವಿಲ್ಲ. ನಾನು ಚೆನ್ನಾಗಿದ್ದೇನೆ.

ಅಕ್ಕ

ಜುಲೈ 14

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದವನ್ನು ಸಮಿತಿಯಲ್ಲಿ ಓದಿದೆ. ಕೇಳದೆ ಓದಿದ್ದಕ್ಕೆ ಬೈಯಬೇಡ. ಮಧ್ಯಾಹ್ನವಿಡೀ ಅಂಕಿಅಂಶ ಕೇಳಿ ಎಲ್ಲರೂ ತೂಕಡಿಸುತ್ತಿದ್ದರು. ಫಿಟ್ಟರನ ಹೆಂಡತಿಯ ಅರ್ಧ ಬಾಗಿಲು ಬಂದಾಗ ಎಚ್ಚೆತ್ತರು. ಕಾರ್ಯದರ್ಶಿ ಮೇಜು ತಟ್ಟಿ, "ಇದೇ ನೋಡಿ, ನಾನು ಬಡ್ಕೋತಾ ಇರೋದು ಇದೇ" ಅಂದರು.

ಕರಡು ಇದರೊಂದಿಗೆ ಇಟ್ಟಿದ್ದೇನೆ. ಶಾಖೆಗಳಲ್ಲಿ ಚರ್ಚೆಯಾಗಿ ಮತಕ್ಕೆ ಹೋಗಬೇಕು. ಮೂರನೇ ಕಲಮು ಈಗ ಹೀಗಿದೆ: 'ಊರಿನ ದುಡಿಯುವ ಜನರಿಗೆ ಊರಿನಲ್ಲಿ ಮೊದಲ ಹಕ್ಕು.' ಉಳಿದದ್ದೆಲ್ಲ ಹಾಗೇ ಇದೆ.

ಇಲ್ಲಿಯ ವಾದವನ್ನು ಹೇಳುತ್ತೇನೆ, ನನ್ನದೆಂದು ತಿಳಿಯಬೇಡ. ಗೋಡೌನಿನವರ ಹೆಸರು ಮತಪಟ್ಟಿಯಲ್ಲೇ ಇಲ್ಲ. ನಾವು ಸೋತಾಗ ಅವರಿಗೆ ಇನ್ನೊಂದು ನಲ್ಲಿಯೂ ಬರಲಿಲ್ಲ, ದೀಪವೂ ಬರಲಿಲ್ಲ. ಗೆದ್ದಿದ್ದರೆ ಒಳಗೆ ಕೂತು ಏನಾದರೂ ಮಾಡಬಹುದಿತ್ತು. ಮೂವತ್ತು ವರ್ಷ ಸರಿಯಾದ ಮಾತನ್ನೇ ಆಡಿ ಯಾರ ತಲೆಯ ಮೇಲೆ ಸೂರು ಹಾಕಿಸಿದ್ದೇವೆ? ನಮ್ಮ ಮಾತು ಸರಿಯಿದೆ ಎಂದು ನಮಗೆ ನಾವೇ ಹೇಳಿಕೊಂಡು ಮನೆಗೆ ಹೋಗಿ ಮಲಗಿದ್ದೇವೆ. ಸೋಲುವುದೂ ಒಂದು ಆರಾಮ ಅಂದರು ಒಬ್ಬರು. ಅದನ್ನೂ ಟಿಪ್ಪಣಿಯಲ್ಲಿ ಬರೆದುಕೊಂಡೆ.

ಫೆಬ್ರವರಿಯಲ್ಲಿ ಪುರಸಭೆ ಚುನಾವಣೆ. ನೀನು ನಿಲ್ಲಲೇಬೇಕು ಎಂದು ಎಲ್ಲರ ಅಭಿಪ್ರಾಯ.

ನಿನ್ನ ತಮ್ಮ

ಜುಲೈ 20

ಸಂಪಾದಕರಿಗೆ,

ಜನ ಹೇಳಿದ್ದನ್ನು ನಾನು ಬರೆದೆ. ನಾನು ಹೇಳಿದ್ದನ್ನಲ್ಲ. ನೀನು ನನ್ನ ಕಾಗದವನ್ನು ಅಲ್ಲಿ ಸಾಕ್ಷಿಗೆ ನಿಲ್ಲಿಸಿದೆ.

ನೋವು ಎಲ್ಲಿ ಅಂತ ರೋಗಿಯನ್ನೇ ಕೇಳಬೇಕು. ಔಷಧಿ ಯಾವುದು ಅಂತಲೂ ಅವನನ್ನೇ ಕೇಳಿ ಬರೆದುಕೊಟ್ಟರೆ ನಮ್ಮ ಕೆಲಸವೇನು? ಮೂರನೇ ಪಾಳಿ ತೆಗೆದವನು ಮಾಲೀಕ. ಅವನ ಸುದ್ದಿ ನಿನ್ನ ಕರಡಿನಲ್ಲಿ ಎಲ್ಲಿದೆ? ಕನ್ನಡಕ ಒರೆಸಿ ಒರೆಸಿ ಹುಡುಕಿದೆ.

ಒಂದೇ ಪ್ರಶ್ನೆ ಕೇಳುತ್ತೇನೆ. ಈ ಹೊಸ ವಾಕ್ಯ ಯಾರು ಬರೆದದ್ದು? ಕಾರ್ಯದರ್ಶಿಗೆ ಎಂಟು ಪದದೊಳಗೆ ಒಂದು ವಾಕ್ಯ ಮುಗಿಸಲು ಬರುವುದಿಲ್ಲ.

ಅಕ್ಕ

ಸೆಪ್ಟೆಂಬರ್ 2

ಅಕ್ಕ,

ಆರು ವಾರ ಉತ್ತರ ಬರೆಯಲಿಲ್ಲ. ಪತ್ರಿಕೆಯ ಕೆಲಸ ಅಂತ ಬರೆಯಬಹುದಿತ್ತು. ಪತ್ರಿಕೆ ಈಗ ನಾಲ್ಕೇ ಪುಟ, ಅರ್ಧ ದಿನದ ಕೆಲಸ.

ವಾಕ್ಯ ನಾನೇ ಬರೆದೆ. ವಾದವೂ ಬಹುಪಾಲು ನನ್ನದೇ. ಸೋಲುವುದೂ ಒಂದು ಆರಾಮ ಅಂದವನೂ ನಾನೇ.

ಭಾವ ಆ ಸಾಲು ಬರೆದಾಗ ನನಗೆ ಹತ್ತೊಂಬತ್ತು. ಬಾಯ್ಲರ್ ಕೆಲಸ ಮುಗಿಸಿ ಬಂದು, ಕೈಯ ಮಸಿಯನ್ನೂ ತೊಳೆಯದೆ, ಅಂಗಡಿ ಪೊಟ್ಟಣದ ಕಾಗದದ ಮೇಲೆ ಬರೆದು, "ನೋಡೋ ಓದಿದವನೇ, ಕಾಗುಣಿತ ಸರಿ ಮಾಡು" ಅಂತ ಕೊಟ್ಟರು. ನಾನು 'ಅವರ್ದು' ಇದ್ದದ್ದನ್ನು 'ಅವರದು' ಮಾಡಿದೆ. ಅಷ್ಟೇ ತಿದ್ದಿದ್ದು. ಈಗ ಅದರ ಮೇಲೆ ಗೆರೆ ಎಳೆಯುವಾಗ ಕೈ ಹಿಂಜರಿದೀತು ಎಂದುಕೊಂಡಿದ್ದೆ. ಹಿಂಜರಿಯಲಿಲ್ಲ. ಮೂವತ್ತು ವರ್ಷ ಇನ್ನೊಬ್ಬರ ಸಾಲು ಹೊಡೆದು ಹಾಕಿದ ಕೈ.

ನನಗೆ ಸಾಕಾಗಿದೆ ಅಕ್ಕ. ನೀನು ಒಂದು ಸಲವಾದರೂ ಗೆಲ್ಲುವುದನ್ನು ನೋಡಬೇಕು ಅನ್ನಿಸಿತು. ಇದರಲ್ಲಿ ಸಿದ್ಧಾಂತವೇನೂ ಇಲ್ಲ.

ತಮ್ಮ

ಸೆಪ್ಟೆಂಬರ್ 25

ತಮ್ಮಾ,

ನಿನ್ನೆ ಶಾಖೆಯ ಸಭೆ ನಮ್ಮ ಮನೆಯ ಹಜಾರದಲ್ಲೇ ಆಯಿತು. ಶಾಖೆಯ ವಾಚನಾಲಯದ ಬಾಡಿಗೆ ಕೋಣೆಯನ್ನು ಜೂನ್‌ನಲ್ಲೇ ಬಿಟ್ಟುಕೊಟ್ಟಿದ್ದೆವು. ನಿನಗೆ ಹೇಳಿರಲಿಲ್ಲ. ಪುಸ್ತಕಗಳು ನನ್ನ ಮಂಚದ ಕೆಳಗಿವೆ.

ನನ್ನನ್ನೂ ಸೇರಿಸಿ ಹನ್ನೊಂದು ಜನ. ಡ್ರಾಯಿಂಗ್ ಮೇಷ್ಟ್ರು ಹಳೇ ಕಲಮೇ ಇರಲಿ ಎಂದು ಅರ್ಧ ಗಂಟೆ ಮಾತಾಡಿದರು. ಫಿಟ್ಟರ್ ಎದ್ದು ನಿಂತ. "ಮೇಷ್ಟ್ರೇ, ನಿಮಗೆ ಪಿಂಚಣಿ ಬರುತ್ತೆ, ನೀವು ಎಷ್ಟು ಸಲ ಬೇಕಾದ್ರೂ ಸೋಲಬಹುದು. ನನ್ನ ಪಾಳಿ ಹೋಗಿ ಹತ್ತು ತಿಂಗಳಾಯ್ತು. ಈ ಬಾವುಟ ಹಿಡ್ಕೊಂಡು ನಮ್ಮ ಬೀದೀಲಿ ನಡೆಯೋಕೆ ನಾಚಿಕೆ ಆಗ್ತಿದೆ. ಇದು ಬಿದ್ರೆ ನಾವು ನಾಲ್ಕೈದು ಜನ ಬಾಗಿಲಾಚೆ ಹೋಗ್ತೀವಿ, ಅಷ್ಟೇ" ಅಂದ. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಆ ಕಡೆ ಐದು ಕೈ, ಈ ಕಡೆ ಐದು ಕೈ. ಎಲ್ಲರೂ ನನ್ನನ್ನು ನೋಡಿದರು.

ನಾನು ಹೊಸ ಕಲಮಿಗೆ ಕೈ ಎತ್ತಿದೆ.

ಯಾಕೆ ಅಂತ ಕೇಳಬೇಡ, ಮೇಷ್ಟ್ರೂ ಕೇಳಿದರು. ಮಂಡಿ ನೋಯುತ್ತಿತ್ತು. ಹನ್ನೊಂದು ಜನರ ಶಾಖೆ ಆರಾಗುವುದು ಕಣ್ಣಿಗೆ ಕಟ್ಟಿತು. ನೀನು ಸಾಕಾಗಿದೆ ಅಂತ ಬರೆದದ್ದೂ ತಲೆಯಲ್ಲಿತ್ತು. ತಮ್ಮ ಅಲ್ಲಿ ಒಬ್ಬನೇ ಕೂತು ಈ ವಾಕ್ಯ ಹೊತ್ತುಕೊಂಡಿದ್ದಾನೆ, ಅವನ ಅಕ್ಕನೇ ಬೀಳಿಸಿದಳು ಅನ್ನಿಸಿಕೊಳ್ಳುವುದು ಬೇಡ ಅನ್ನಿಸಿತು. ಫೆಬ್ರವರಿಯಲ್ಲಿ ನಿಲ್ಲುತ್ತೇನೆ.

ಬಾವುಟ ಹೊಲಿಯಲು ಹೇಳಿ ಕಳಿಸಿದ್ದೆ. ಹೊಲಿಗೆಯಾಕೆ ಬರಲಿಲ್ಲ. ಕೆಲಸ ಹೆಚ್ಚಿರಬೇಕು.

ಅಕ್ಕ

ಅಕ್ಟೋಬರ್ 10

ಅಕ್ಕ,

ನಿನ್ನ ಕಾಗದ ಓದಿದ ಮೇಲೆ ಒಂದೇ ಕರಡನ್ನು ಎರಡು ಸಲ ತಿದ್ದಿದೆ. ಪಕ್ಕದ ಮೇಜಿನವರು "ಏನ್ರೀ, ಊರಲ್ಲಿ ಎಲ್ಲ ಕ್ಷೇಮ ತಾನೆ?" ಅಂದರು.

ನೀನು ತಡೆಯುತ್ತೀಯ ಅಂದುಕೊಂಡಿದ್ದೆ. ಇಷ್ಟು ಧೈರ್ಯವಾಗಿ ಗೆರೆ ಎಳೆದದ್ದು ಅದಕ್ಕೇ. ಎಲ್ಲ ಶಾಖೆಗಳೂ ಒಪ್ಪಿದರೂ ನಿನ್ನ ಶಾಖೆಯಲ್ಲಿ ಬೀಳುತ್ತದೆ, ಭಾವ ಕಟ್ಟಿದ ಶಾಖೆಯೇ ಬೇಡ ಅಂದಿತು ಎಂಬ ಸುದ್ದಿ ಬಂದರೆ ಮಹಾಸಭೆಯಲ್ಲಿ ಯಾರೂ ಬಾಯಿ ಬಿಡಲಾರರು ಎಂದು ಲೆಕ್ಕ ಹಾಕಿದ್ದೆ. ಮಹಾಸಭೆಯಲ್ಲಿ ಒಬ್ಬ ಹಳಬರು ವಿರೋಧಿಸಲು ಎದ್ದರು. ಕಾರ್ಯದರ್ಶಿ ನಿನ್ನ ಶಾಖೆಯ ಹೆಸರು ಹೇಳಿದರು. ಹಳಬರು ಕೂತುಬಿಟ್ಟರು.

ಪರ ನೂರ ನಲವತ್ತೊಂದು, ವಿರೋಧ ಅರವತ್ತಮೂರು. ಟಿಪ್ಪಣಿ ಬರೆಯುವವನಿಗೆ ಮತವಿಲ್ಲ. ಇದ್ದಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಇದು ನಿಜ.

ತಮ್ಮ

ಫೆಬ್ರವರಿ 24

ತಮ್ಮಾ,

ನಿನ್ನ ಅಕ್ಟೋಬರಿನ ಕಾಗದಕ್ಕೆ ಉತ್ತರ ಬರೆಯಲು ಆಗಲಿಲ್ಲ. ಮೂರು ಸಲ ಶುರು ಮಾಡಿದ್ದು ಹೌದು. ನೀನು ನನ್ನನ್ನು ನಂಬಿ ತಪ್ಪು ಮಾಡಿದೆ, ನಾನು ನಿನಗೋಸ್ಕರ ತಪ್ಪು ಮಾಡಿದೆ. ಇದನ್ನು ಮೂರನೆಯವರು ಕೇಳಿದರೆ ನಕ್ಕಾರು.

ಗೆದ್ದೆ. ನಮ್ಮ ವಾರ್ಡೊಂದರಲ್ಲೇ ಸಾವಿರದ ನೂರ ನಲವತ್ತು ಮತ. ಊರಿನಲ್ಲಿ ಒಟ್ಟು ಐದು ಕಡೆ ಗೆದ್ದೆವು. ಫಿಟ್ಟರ್ ಬೀದಿಯಲ್ಲೇ ಅತ್ತ. ಸೈಕಲ್ ಶಾಪಿನವನು "ಈಗ ಓಟಿಗೂ ನೀವೇ ಆದ್ರಲ್ಲ, ಇನ್ನು ಸೂಜಿಗೆ ಎಲ್ಲಿ ಹೋಗೋದು" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಪ್ರಚಾರದಲ್ಲಿ ನಾನೊಂದು ಕೆಟ್ಟ ಮಾತೂ ಆಡಲಿಲ್ಲ. ಆಡಬೇಕಾಗಲೇ ಇಲ್ಲ. ನಿನ್ನ ವಾಕ್ಯವನ್ನು ಓದಿ ಸುಮ್ಮನೆ ನಿಂತರೆ ಉಳಿದದ್ದನ್ನು ಜನರೇ ತುಂಬಿಕೊಳ್ಳುತ್ತಿದ್ದರು.

ಸಂತೋಷವಾಯಿತೇ ಅಂತ ನೀನು ಕೇಳುತ್ತೀಯ. ಅರ್ಧ ದಿನ ಆಯಿತು.

ಮರುದಿನ ಹೊಲಿಗೆಯಾಕೆ ಬಂದಳು. ನಮ್ಮ ಭಾಷೆಯನ್ನು ಈಗ ಚೆನ್ನಾಗಿ ಆಡುತ್ತಾಳೆ. ಹೊಸ್ತಿಲಲ್ಲೇ ನಿಂತು ಕೇಳಿದಳು: "ನರ್ಸಮ್ಮ, ಊರಿನವರು ಮೊದಲು. ಸರಿ. ನಾವು ಎಷ್ಟನೆಯವರು?"

ಜಗಳಕ್ಕೆ ಬಂದ ದನಿಯಲ್ಲ. ಆಸ್ಪತ್ರೆಯ ಸಾಲಿನಲ್ಲಿ ಚೀಟಿ ಹಿಡಿದು ಕೇಳುತ್ತಾರಲ್ಲ, ಹಾಗೆ. "ಒಳಗೆ ಬಾ" ಅಂದೆ. ಬರಲಿಲ್ಲ.

ಅಕ್ಕ

ಮೇ 9

ತಮ್ಮಾ,

ಅವಸರದಲ್ಲಿ ಬರೆಯುತ್ತಿದ್ದೇನೆ. ನನ್ನನ್ನು ವಸತಿ ಸಮಿತಿಗೆ ಅಧ್ಯಕ್ಷೆ ಮಾಡಿದ್ದಾರೆ. ಹದಿನಾರನೇ ತಾರೀಖು ಸಭೆ. ಒಂದೇ ವಿಷಯ: ಗೋಡೌನು ಖಾಲಿ ಮಾಡಿಸಿ, ರಿಪೇರಿ ಮಾಡಿ, ಕೆಲಸ ಕಳೆದುಕೊಂಡ ಊರಿನವರಿಗೆ ಹಂಚುವುದು. ನಿರ್ಣಯ ತಂದವರು ಎದುರು ಪಕ್ಷದವರಲ್ಲ, ನಮ್ಮ ಫಿಟ್ಟರ್. ಅವನೂ ಈಗ ಪುರಸಭೆ ಸದಸ್ಯ. ನಿನ್ನ ವಾಕ್ಯವನ್ನು ಉದ್ಧರಣ ಚಿಹ್ನೆ ಹಾಕಿ ಮೊದಲ ಸಾಲಿನಲ್ಲೇ ಬರೆದಿದ್ದಾನೆ.

ಮೂವತ್ತೆಂಟು ಸಂಸಾರ. ನಿನ್ನ ವಾಕ್ಯದ ಅರ್ಥ ಇದೇನಾ? ಬರೆದವನು ನೀನು, ನೀನೇ ಹೇಳು. ಅಲ್ಲವಾದರೆ ಪಕ್ಷದ ಕಾಗದದಲ್ಲಿ, ಕಾರ್ಯದರ್ಶಿಯ ಸಹಿ ಹಾಕಿಸಿ, ಅಲ್ಲ ಅಂತ ಬರೆದು ಕಳಿಸು. ಹದಿನಾರರೊಳಗೆ ಸಿಗಬೇಕು.

ಅಕ್ಕ

ಮೇ 15

ಪ್ರೀತಿಯ ಅಕ್ಕನಿಗೆ,

ನಿನ್ನ ಪತ್ರ ತಲುಪಿದೆ. ಮೂರನೇ ಕಲಮಿನ ಅಧಿಕೃತ ವಿವರಣೆಯ ಬಗ್ಗೆ ಕಾರ್ಯದರ್ಶಿಯವರೊಂದಿಗೆ ಮಾತಾಡಿದೆ. ವಿಷಯ ಪರಿಶೀಲನೆಯಲ್ಲಿದೆ. ಸ್ಥಳೀಯ ಪರಿಸ್ಥಿತಿಗೆ ತಕ್ಕಂತೆ ಶಾಖೆಗಳೇ ಅರ್ಥೈಸಿಕೊಳ್ಳುವುದು ಸೂಕ್ತ ಎಂದು ಸದ್ಯದ ಅಭಿಪ್ರಾಯ. ಸಭೆಯನ್ನು ಮುಂದಕ್ಕೆ ಹಾಕಲು ಸಾಧ್ಯವೇ ನೋಡು.

ಪತ್ರಿಕೆಗೆ ಹೊಸ ಪುರಸಭೆಯ ಸಾಧನೆಯ ವರದಿಯೊಂದು ಬೇಕಾಗಿದೆ.

ತಮ್ಮ

ಮೇ 19

ತಮ್ಮಾ,

ನಿನ್ನ ಕಾಗದ ಸಭೆಯ ಮರುದಿನ ಬಂತು. ಮೊದಲೇ ಬಂದಿದ್ದರೂ ಏನೂ ಆಗುತ್ತಿರಲಿಲ್ಲ. 'ವಿಷಯ ಪರಿಶೀಲನೆಯಲ್ಲಿದೆ' ಅಂತ ನೀನು ನನಗೆ ಬರೆಯುವ ಕಾಲ ಬಂತಲ್ಲ ಅಂದುಕೊಂಡೆ. ಆಮೇಲೆ ಮಡಚಿಟ್ಟೆ.

ವರದಿ ಬೇಕು ಅಂದೆಯಲ್ಲ, ಬರೆದುಕೋ.

ಸಭೆಗೆ ಎರಡು ದಿನ ಮೊದಲು ಆಸ್ಪತ್ರೆಗೆ ಹೋಗಿ ಹೆರಿಗೆ ದಾಖಲೆ ಪುಸ್ತಕಗಳನ್ನು ಕೇಳಿದೆ. ಈಗಿನ ನರ್ಸು ನನ್ನ ಕೈಕೆಳಗೆ ಕೆಲಸ ಕಲಿತವಳು, ಕೊಟ್ಟಳು. ಮಧ್ಯಾಹ್ನವೆಲ್ಲ ವಾರ್ಡಿನ ಮೂಲೆಯಲ್ಲಿ ಕೂತು ಹುಡುಕಿದೆ. ಗೋಡೌನಿನ ಇಪ್ಪತ್ತಾರು ಸಂಸಾರದಲ್ಲಿ ಒಂದಾದರೂ ಮಗು ಇಲ್ಲೇ ಹುಟ್ಟಿದೆ. ಹೆಚ್ಚಿನವು ನನ್ನ ಕೈಯಲ್ಲೇ.

ಸಭೆಯಲ್ಲಿ ಫಿಟ್ಟರ್ ನಿರ್ಣಯ ಓದಿದ. ನಾನು ಕೇಳಿದೆ: "ಮೊದಲ ಹಕ್ಕು ಊರಿನವರಿಗೆ. ಊರಿನವರು ಅಂದ್ರೆ ಯಾರಪ್ಪ?" "ಇಲ್ಲೇ ಹುಟ್ಟಿದೋರು" ಅಂದ. "ಹಾಗಾದ್ರೆ ಈ ಮಕ್ಕಳ ಹೆಸರು ಓದ್ತೀನಿ, ಕೇಳು" ಅಂತ ಪುಸ್ತಕ ಬಿಚ್ಚಿದೆ. ಒಂದೊಂದೇ ಓದಿದೆ. ತಾರೀಖು, ಹೊತ್ತು, ತೂಕ. ಹತ್ತು ಓದುವ ಹೊತ್ತಿಗೆ ಅವನು ತಲೆ ತಗ್ಗಿಸಿದ. "ಅಕ್ಕಾ, ಸಾಕು" ಅಂದ. "ಇವರನ್ನ ಹೊರಗೆ ಹಾಕು ಅಂತ ನಾನು ಹೇಳಿಲ್ಲ."

ಇಪ್ಪತ್ತಾರು ಸಂಸಾರ ಉಳಿಯಿತು. ಇಲ್ಲಿ ಮಗು ಹುಟ್ಟದ ಹನ್ನೆರಡು ಹೋಗಬೇಕು ಅಂತಾಯಿತು. ಒಪ್ಪಿಗೆಯ ಸಹಿ ನನ್ನದೇ.

ಈಗ ವರದಿಗಲ್ಲ, ನಿನಗೆ ಮಾತ್ರ. ಹೊಲಿಗೆಯಾಕೆಯ ಮಗಳು ಲಾರಿಯಲ್ಲಿ ಹುಟ್ಟಿದ್ದು, ಊರು ಇನ್ನೂ ಒಂದು ಗಂಟೆಯ ದಾರಿ ಇದ್ದಾಗ. ಆಸ್ಪತ್ರೆಯ ಅಂಗಳದಲ್ಲಿ ಲಾರಿ ಹತ್ತಿ ಹೊಕ್ಕಳಬಳ್ಳಿ ಕತ್ತರಿಸಿದವಳು ನಾನು. ಪುಸ್ತಕದಲ್ಲಿ ಹುಟ್ಟಿದ ಸ್ಥಳ ಅನ್ನುವ ಕಡೆ ನನ್ನ ಅಕ್ಷರದಲ್ಲೇ 'ದಾರಿಯಲ್ಲಿ' ಅಂತಿದೆ. ಅದನ್ನು ನೋಡಿದಾಗ ವಾರ್ಡಿನಲ್ಲಿ ನನ್ನ ಹತ್ತಿರ ಯಾರೂ ಇರಲಿಲ್ಲ. ಪೆನ್ನು ಕೈಯಲ್ಲೇ ಇತ್ತು. ಒಂದು ಪದ ತಿದ್ದಿದ್ದರೆ ಸಾಕಿತ್ತು. ಅದೆಷ್ಟು ಸುಲಭ ಅಂತ ನಿನಗೆ ಹೇಳಬೇಕಾಗಿಲ್ಲ.

ತಿದ್ದಲಿಲ್ಲ ಕಣೋ. ಆ ಪುಸ್ತಕದಲ್ಲಿ ಒಂದು ಸುಳ್ಳೂ ಬರೆದವಳಲ್ಲ ನಾನು ಅನ್ನುವ ಹೆಮ್ಮೆ ಕೈ ತಡೆಯಿತು. ಸೆಪ್ಟೆಂಬರಿನಲ್ಲಿ ಕೈ ಎತ್ತುವಾಗ ಆ ಹೆಮ್ಮೆ ಎಲ್ಲಿತ್ತೋ! ಅಷ್ಟು ಜನರ ಬಾಳಿನ ಮಾತಿಗೆ ಏಳದ ಪ್ರಾಮಾಣಿಕತೆ ಒಂದು ಮಗುವಿನ ಮುಂದೆ ಎದ್ದು ನಿಂತಿತು.

ನಿನ್ನೆ ಬೆಳಿಗ್ಗೆ ಅವಳು ಹೋದಳು. ಹೊಲಿಗೆ ಯಂತ್ರವನ್ನು ಬಸ್ಸಿನ ಮೇಲೆ ಏರಿಸಲು ಫಿಟ್ಟರನೇ ಕೈ ಕೊಟ್ಟ. ನಾನು ಹೋಗಿದ್ದೆ. ಅವಳು ಮಗಳಿಗೆ "ಅಜ್ಜಿಗೆ ಹೋಗಿಬರ್ತೀನಿ ಅನ್ನು" ಅಂದಳು. ಮಗು ಅಂದಿತು.

ರಾಜೀನಾಮೆ ಕೊಡುವುದಿಲ್ಲ. ಕೊಟ್ಟರೆ ಆ ಕುರ್ಚಿಯಲ್ಲಿ ಕೂರುವವರು ಪುಸ್ತಕ ಬಿಚ್ಚುವುದಿಲ್ಲ. ಪತ್ರಿಕೆಯಲ್ಲಿ ಇಪ್ಪತ್ತಾರು ಅಂತ ಬರೆಯುವುದಾದರೆ ಹನ್ನೆರಡೂ ಬರೆ.

ಅಕ್ಕ

ಜೂನ್ 2

ಅಕ್ಕ,

ಬರೆದೆ. ಇಪ್ಪತ್ತಾರು, ಹನ್ನೆರಡು, ಎರಡೂ. ಕೆಳಗೆ ಇನ್ನೆರಡು ಸಾಲು ಸೇರಿಸಿದೆ: 'ಹನ್ನೆರಡು ಸಂಸಾರಗಳನ್ನು ಹೊರಗೆ ಕಳಿಸಿದ ನಿರ್ಣಯದ ಮೊದಲ ಸಾಲು ನಮ್ಮ ಪಕ್ಷದ ಮೂರನೇ ಕಲಮು. ಅದನ್ನು ಬರೆದವನು ಈ ಪತ್ರಿಕೆಯ ಸಂಪಾದಕ.' ಮೊದಲ ಪುಟದಲ್ಲಿ ಹಾಕಿದೆ. ಕಾರ್ಯದರ್ಶಿ ನೋಡುವ ಮೊದಲೇ ಅಂಚೆಗೆ ಹೋಗಿತ್ತು.

ಅವರು ಕೂಗಾಡಲಿಲ್ಲ. "ಗೆಲ್ಲೋದು ಕಲಿತ ಕೂಡಲೇ ನಿಮಗೆ ಅಳೋದು ನೆನಪಾಯ್ತಲ್ಲ" ಅಂದರು. ಅವರ ಕಡೆಯಿಂದ ನೋಡಿದರೆ ಆ ಮಾತು ಸುಳ್ಳಲ್ಲ. ಆಮೇಲೆ ಕಚೇರಿಯ ಬೀಗದ ಕೈ ಕೇಳಿದರು, ಕೊಟ್ಟೆ.

ಮೇ ಹದಿನೈದರ ಕಾಗದ ಬರೆದದ್ದು ನಾನೇ. ಯಾರೂ ಹೇಳಿ ಬರೆಸಲಿಲ್ಲ. ಕಾರ್ಯದರ್ಶಿಯ ಹತ್ತಿರ ನಾನು ಮಾತೇ ಆಡಿರಲಿಲ್ಲ. ಕೇಳಿದರೆ 'ಹೌದು, ಅರ್ಥ ಅದೇ' ಅಂದುಬಿಟ್ಟಾರೆಂದು ಹೆದರಿದೆ.

ನಾನಿರುವ ಈ ಕೋಣೆಯೂ ಪಕ್ಷದ್ದೇ, ತಿಂಗಳೊಳಗೆ ಬಿಡಬೇಕು. ನಿನ್ನ ಮನೆಯ ಹಜಾರದಲ್ಲಿ ಒಂದು ಮಂಚ ಹಿಡಿಯುತ್ತದೆಯೇ?

ತಮ್ಮ

ಜೂನ್ 11

ತಮ್ಮಾ,

ಮಂಚ ಹಿಡಿಯುತ್ತದೆ. ಹೊರಟು ಬಾ. ಪತ್ರಿಕೆಯನ್ನು ಮೇಷ್ಟ್ರು ಗಿರಣಿ ಗೇಟಿಗೆ ಅಂಟಿಸಿದರು. ಫಿಟ್ಟರ್ ನನ್ನೊಂದಿಗೆ ಮಾತು ಬಿಟ್ಟಿದ್ದಾನೆ, ಆದರೆ ಅದನ್ನು ಹರಿದುಹಾಕಲಿಲ್ಲ. ಮುಂದಿನ ಸಲ ನಾನು ಸೋಲುವುದು ಖಂಡಿತ. ಬಂದವನು ಅದಕ್ಕೆ ಸಮಾಧಾನ ಹೇಳುತ್ತಾ ಕೂರಬೇಡ. ಗೋಡೌನಿನ ಇಪ್ಪತ್ತಾರು ಸಂಸಾರದ ಹೆಸರು ಮತಪಟ್ಟಿಗೆ ಸೇರಬೇಕು, ಅರ್ಜಿ ಬರೆಯುವ ಕೈ ಬೇಕಾಗಿದೆ.

ಹೊಲಿಗೆಯಾಕೆಯ ವಿಳಾಸ ಸಿಕ್ಕಿದೆ. ಇನ್ನೊಂದು ಗಿರಣಿಯ ಇನ್ನೊಂದು ಗೋಡೌನು. ಅವಳಿಗೆ ಬರೆಯಲು ನಾಲ್ಕು ದಿನದಿಂದ ಕೂರುತ್ತಿದ್ದೇನೆ, ಏಳುತ್ತಿದ್ದೇನೆ. ತಾರೀಖು ಹಾಕಿದ್ದೇನೆ. ಅದರ ಕೆಳಗೆ ಏನೆಂದು ಕರೆದು ಶುರು ಮಾಡಬೇಕೋ ತಿಳಿಯುತ್ತಿಲ್ಲ. ಅವಳ ಹೆಸರು ಹೆರಿಗೆ ಪುಸ್ತಕದಲ್ಲಿ ನನ್ನ ಅಕ್ಷರದಲ್ಲೇ ಇದೆ, ಆದರೆ ಇಷ್ಟು ವರ್ಷ ಊರೆಲ್ಲ ಅವಳನ್ನು ಹೊಲಿಗೆಯಾಕೆ ಅಂದಿತು, ನಾನೂ ಅಂದೆ.

ನೀನು ಬಾ. ಇಬ್ಬರೂ ಕೂತು ಯೋಚಿಸೋಣ.

ಅಕ್ಕ